ಗಂಡಸರ ಬಾಗಿಲು, ಮೊದಲ ದರ್ಜೆ

ಮಾರ್ಚ್ 6, 2007. ಮಂಗಳವಾರ

ಮತ್ತೆ ಅದೇ ಹಳೇ ಈಜುಮನೆ, ಬಾಗಿಲು ಮುಚ್ಚಿ ಎಷ್ಟೋ ವರ್ಷವಾಗಿದೆ. ಇವತ್ತೂ ಪಾರಿವಾಳದ ಹಿಕ್ಕೆ ತುಳಿದುಕೊಂಡೇ ಅಳತೆ ಕೆಲಸ. ಹೆಂಗಸರ ಕೊಳದ ಮೇಲಿನ ಮಾಡು ಕೊಳೆತಿದೆ. ತೊಲೆಗೆ ಪೆನ್ಸಿಲ್ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಗಂಡಸರ ಮೊದಲ ದರ್ಜೆಯದು ಮಾತ್ರ ಗಟ್ಟಿಮುಟ್ಟು — ಹಸಿರು ಟೈಲ್ಸ್, ಬಣ್ಣದ ಗಾಜು, ಕಬ್ಬಿಣದ ಕಮಾನು. ಮೂರು ಕೊಳ, ಮೂರು ಬಾಗಿಲು. ಪ್ರತಿಯೊಂದರ ಮೇಲೂ ಕಲ್ಲಿನಲ್ಲಿ ಕೆತ್ತಿದ್ದಾರೆ: ಗಂಡಸರು ಮೊದಲ ದರ್ಜೆ, ಗಂಡಸರು ಎರಡನೇ ದರ್ಜೆ, ಹೆಂಗಸರು. ಹೆಂಗಸರಿಗೆ ದರ್ಜೆಯೇ ಇಲ್ಲ.

ಇರುವ ದುಡ್ಡಿನಲ್ಲಿ ಸದ್ಯಕ್ಕೆ ಒಂದೇ ಕೊಳ ರಿಪೇರಿ ಮಾಡಲು ಸಾಧ್ಯ. ಯಾವುದು ಅಂತ ಆರ್ಕಿಟೆಕ್ಟ್ ಆದ ನಾನು ಹೇಳಬೇಕು. ಹೇಳುವುದೇನಿದೆ, ಕಣ್ಣಿಗೇ ಕಾಣುತ್ತಿದೆ. ಆದರೂ ವರದಿ ಮುಗಿಯುತ್ತಿಲ್ಲ.

ಮಾರ್ಚ್ 8

ಅಮ್ಮನ ಮನೆಗೆ ಮೀನು, ಚಿಪ್ಸ್ ಕೊಂಡೊಯ್ದೆ. ಎಂಬತ್ತು ದಾಟಿದೆ. ಸೊಂಟ ಕೈಕೊಟ್ಟಿದೆ, ಬಾಯಿ ಕೈಕೊಟ್ಟಿಲ್ಲ.

"ಇನ್ನೊಂದ್ಸಲ ಆ ಈಜುಮನೇಲಿ ಈಜ್ಬೇಕು ಕಣೇ. ಆಮೇಲೆ ಎಲ್ಲಿಗಾದ್ರೂ ಹೊತ್ಕೊಂಡು ಹೋಗಿ."

ತಡೆಯಲಾಗದೆ ಹೇಳಿಬಿಟ್ಟೆ — ನಿನಗೆ ಎಂಥ ನೀರು ಕೊಡುತ್ತಿದ್ದರು ಗೊತ್ತಾ? ವಾರಕ್ಕೊಮ್ಮೆ ಹೊಸ ನೀರು ಮೊದಲ ದರ್ಜೆಗೆ. ಅವರದು ಮುಗಿದ ಮೇಲೆ ಅದೇ ನೀರು ಎರಡನೇ ದರ್ಜೆಗೆ. ಅವರೂ ಮಿಂದಾದ ಮೇಲೆ ಹೆಂಗಸರಿಗೆ. ಕೊಳವೆಗಳು ಈಗಲೂ ಹಾಗೇ ಇವೆ.

"ಗೊತ್ತಿಲ್ದೆ ಏನು? ಗಿರಣಿಯವ್ರೆಲ್ಲ ಕೊಳೆ ತೊಳ್ಕೊಂಡ ನೀರು. ತಳ ಕಾಣ್ತಿರ್ಲಿಲ್ಲ. ಆದ್ರೆ ಬೆಚ್ಚಗಿರ್ತಿತ್ತು!"

ಪಕ್ಕದ ಮನೆಯ ಹೆಟ್ಟಿ ಅಲ್ಲೇ ಕೂತಿದ್ದಳು. "ಮೇಯರ್ ಸಾಹೇಬ್ರು ಮಿಂದ ನೀರಮ್ಮಾ. ಯಾರಿಗುಂಟು ಯಾರಿಗಿಲ್ಲ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಮೈ ಉರಿದದ್ದು ನನಗೊಬ್ಬಳಿಗೇ. ಆ ಹಸಿರು ಟೈಲ್ಸ್ ನೋಡಿದರೆ ಎದೆ ತುಂಬಿ ಬರುತ್ತದೆ. ಆ ಕೊಳವೆ ನೋಡಿದರೆ ಸುತ್ತಿಗೆ ತೆಗೆದುಕೊಳ್ಳೋಣ ಅನ್ನಿಸುತ್ತದೆ. ಕಟ್ಟಡವೇನೋ ಒಂದೇ. ತಲೆ ಕೆಟ್ಟುಹೋಗಿದೆ.

ಮಾರ್ಚ್ 16

ವರದಿ ಕೊಟ್ಟೆ. ಮೊದಲ ದರ್ಜೆ. ಬೇರೇನು ಬರೆಯಲಿ, ಕೊಳೆತ ತೊಲೆಯ ಕೆಳಗೆ ಜನರನ್ನು ಈಜಲು ಬಿಡಲೇ?

ಈಜುಮನೆ ಉಳಿಸುವ ಸಮಿತಿಯ ಅಧ್ಯಕ್ಷ ಡೆಸ್ಮಂಡ್‌ಗೆ ಖುಷಿ. "ಬಾಗಿಲ ಮೇಲಿನ ಅಕ್ಷರ ಮುಚ್ಚಿಬಿಡೋಣ್ವಾ ಲಿನೆಟ್? ಈಗಿನ ಕಾಲಕ್ಕೆ ಚೆನ್ನಾಗಿರಲ್ಲ."

ಮುಚ್ಚಕೂಡದು ಅಂತ ಜಗಳಕ್ಕೇ ನಿಂತೆ. ಇತಿಹಾಸ, ಸಾಕ್ಷಿ... ಇನ್ನೂ ಏನೇನೋ ಅಂದೆ. ಗೆದ್ದೆ. ಅಕ್ಷರಕ್ಕೆ ಹೊಸ ಚಿನ್ನದ ಬಣ್ಣವಂತೆ.

ಅಮ್ಮನಿಗೆ ಫೋನ್ ಮಾಡಿದೆ. ಮೊದಲ ದರ್ಜೆಯದನ್ನೇ ತೆರೆಯುತ್ತಾರೆ ಅಂದೆ. "ಆ ಬಾಗಿಲಲ್ಲಿ ನಾವು ಹೋಗಲ್ವಲ್ಲ" ಅಂದಳು. ಈಗ ಎಲ್ಲರೂ ಹೋಗಬಹುದಮ್ಮಾ, ಅಂದೆ. "ಹೌದಾ" ಅಂತ ಇಟ್ಟುಬಿಟ್ಟಳು.

ಸೆಪ್ಟೆಂಬರ್ 10, 2008

ಎಷ್ಟು ಕಾಲವಾಯಿತು ಇಲ್ಲಿ ಬರೆಯದೆ. ಕೊಳಕ್ಕೆ ನೀರು ಬಿಟ್ಟರು. ಬಣ್ಣದ ಗಾಜಿನಿಂದ ಬಿಸಿಲು ಇಳಿಯಿತು. ಕೆಲಸದವರ ಎದುರೇ ಅತ್ತುಬಿಟ್ಟೆ.

ಅಮ್ಮನಿಗೆ ಈಜುಡುಗೆ ತಂದೆ. ಎತ್ತಿ ಹಿಡಿದು ನೋಡಿದಳು. "ಇಷ್ಟೇನಾ ಬಟ್ಟೆ? ಉಳಿದದ್ದು ಅಂಗಡೀಲೇ ಬಿಟ್ಟು ಬಂದ್ಯಾ?" ಶನಿವಾರ ಬರುತ್ತಾಳಂತೆ. ಅಬ್ಬ.

ಸೆಪ್ಟೆಂಬರ್ 13. ಸಂಜೆ

ಉದ್ಘಾಟನೆ. ಬ್ಯಾಂಡು, ಜನ, ಮೇಯರ್. ಅಮ್ಮ ಹೆಟ್ಟಿಯ ತೋಳು ಹಿಡಿದು ಮೊದಲ ದರ್ಜೆಯ ಬಾಗಿಲಿನ ಮೆಟ್ಟಿಲಿನವರೆಗೆ ಬಂದಳು. ತಲೆಯೆತ್ತಿ ಅಕ್ಷರ ಓದಿದಳು. ನಾನೇ ಹಟ ಹಿಡಿದು ಉಳಿಸಿದ ಅಕ್ಷರ. ತಿರುಗಿದಳು. ಗೋಡೆ ಹಿಡಿದುಕೊಂಡು ಹೆಂಗಸರ ಬಾಗಿಲಿನ ಕಡೆಗೆ ಹೊರಟೇಬಿಟ್ಟಳು. ಅದಕ್ಕೆ ಬೀಗ.

"ಕೀಲಿ ತಗೊಂಬಾ."

"ಒಳಗೆ ಏನೂ ಇಲ್ಲಮ್ಮಾ. ಮಾಡಿಗೆ ಬರೀ ಆಸರೆ ಕೊಟ್ಟು ನಿಲ್ಸಿದಾರೆ."

"ಕೀಲಿ ತಗೊಂಬಾ ಅಂದೆ."

ತೆಗೆದೆ. ಯಾಕೆ ತೆಗೆದೆನೋ. ಅಮ್ಮ ಕೋಟು ಬಿಚ್ಚಿದಳು, ಒಳಗೆ ಈಜುಡುಗೆ. ಅಂಚಿನಲ್ಲಿ ಕೂತು ಒಣ ಕೊಳಕ್ಕೆ ಕಾಲು ಇಳಿಬಿಟ್ಟಳು. ಹೆಟ್ಟಿಯೂ ಪಕ್ಕದಲ್ಲಿ ಕೂತಳು. ಗೋಡೆಯಾಚೆ ಚಪ್ಪಾಳೆ, ಯಾರೋ ನೀರಿಗೆ ಹಾರಿದ ಸದ್ದು.

"ಅಮ್ಮಾ, ನೀರು ಆ ಕಡೆ ಇದೆ."

"ಗೊತ್ತು. ಅವರದ್ದು ಮುಗೀಲಿ. ನಮಗೆ ಬರುತ್ತೆ."

ತಮಾಷೆಯೋ, ಮರೆವೋ, ನನ್ನ ಮೇಲಿನ ಸಿಟ್ಟೋ... ಮುಖ ನೋಡಿದೆ, ತಿಳಿಯಲಿಲ್ಲ. ಈ ಸಲ ಹೆಟ್ಟಿ ನಗಲಿಲ್ಲ.

ಡೆಸ್ಮಂಡ್ ಹುಡುಕಿಕೊಂಡು ಬಂದ. "ಇಲ್ಲೇನ್ ಮಾಡ್ತಿದೀರಿ ಲಿನೆಟ್? ಭಾಷಣಕ್ಕೆ ನಿಮ್ಮ ಹೆಸರು ಕೂಗ್ತಿದಾರೆ!"

ಅಮ್ಮ ಇತ್ತ ನೋಡಲೂ ಇಲ್ಲ. "ಹೋಗು ಕಣೇ. ನೀನು ಆ ಬಾಗಿಲಿನವಳು."

ಮೆತ್ತಗೇ ಅಂದಳು. ಅದೇ ಚುಚ್ಚಿತು. ಅವಳ ಪಕ್ಕ ಕೂತು ಒಂದು ಶೂ ಬಿಚ್ಚಿದೆ. ಆಚೆ ಮತ್ತೆ ನನ್ನ ಹೆಸರು. ಇನ್ನೊಂದು ಶೂಗೂ ಕೈ ಹಾಕಿದೆ.