ಓವನ್ನಿನಲ್ಲಿ ಒಣಗಿಸಿದ ಕಲ್ಲು

ನನ್ನ ಸರ್‌ಗೆ,

‘ನನ್ನ’ ಎಂದು ಬರೆದದ್ದನ್ನು ವೈಶಾಲಿ ನೋಡಿದರೆ ನೋಡಲಿ. ನಿಮ್ಮ ಲ್ಯಾಬಿಗೆ ಮೊದಲು ಬಂದವಳು ನಾನು, ಅವಳಲ್ಲ.

ಆ ಮಧ್ಯಾಹ್ನ ನಿಮಗೆ ನೆನಪಿದೆಯೇ? ಎಣ್ಣೆ ಬಾವಿಯ ಆಳದಿಂದ ತೆಗೆದ ಮರಳುಗಲ್ಲಿನ ತುಣುಕಿನೊಳಗೆ ಉಪ್ಪುನೀರಿನ ಜೊತೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿ, ಕಲ್ಲಿನ ರಂಧ್ರಗಳು ಅಗಲವಾಗಿವೆ ಎಂದು ವೈಶಾಲಿ ತೋರಿಸಿದಳು. ನೀವು “ವಾ ಬಾಳಾ, ಛಾನ್!” ಎಂದು ಮರಾಠಿಯಲ್ಲಿ ಹೊಗಳಿ ಇಡೀ ಲ್ಯಾಬಿಗೆ ಚಹಾ ತರಿಸಿದಿರಿ. ನಾನು ಏನು ತಂದರೂ “ಏನ್ರೀ ಸುಮಾ, ಇದು ಖರೇನ? ಮತ್ತ ಅಳೀರಿ” ಅಷ್ಟೇ. ಪುಣೆಯಲ್ಲಿ ನಿಮ್ಮ ಜೊತೆ ಕನ್ನಡ ಆಡಲು ನಾನೊಬ್ಬಳೇ ಇದ್ದೆ. ಆದರೂ ಹೊಗಳಿಕೆಯೆಲ್ಲ ಮರಾಠಿಗೇ ಯಾಕೆ ಸರ್? ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ.

ನೀವು ತೀರಿಕೊಂಡ ಮೇಲೆ ಅದೇ ಕಲ್ಲಿನ ಜೋಡಿ ತುಣುಕನ್ನು ಪರೀಕ್ಷೆಗೆ ಎತ್ತಿಕೊಂಡೆ. ಯಾಕೆಂದು ನಿಮಗೆ ಸುಳ್ಳು ಹೇಳಲಾರೆ, ಅವಳ ತಪ್ಪು ಹುಡುಕಲಿಕ್ಕೇ. ಸಿಕ್ಕಿತು! ಅನಿಲ ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ, ಮರಳನ್ನು ಹಿಡಿದಿಟ್ಟ ಸುಣ್ಣವನ್ನು ತಿನ್ನುತ್ತದೆ. ಅಲ್ಲಿಯವರೆಗೆ ನೀವು ಹೇಳಿದ್ದೇ ಸರಿ. ಆದರೆ ಸುಣ್ಣ ಹೋದಾಗ ಕಳಚಿಕೊಂಡ ಜೇಡಿಮಣ್ಣಿನ ಕಣಗಳು ಮುಂದಿನ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ವೈಶಾಲಿ ಅಳೆಯುವ ಮೊದಲು ಕಲ್ಲನ್ನು ಬಿಸಿ ಓವನ್ನಿನಲ್ಲಿ ಒಣಗಿಸಿದ್ದಳು. ಜೇಡಿ ಸುರುಟಿಕೊಂಡು ದಾರಿ ಬಿಟ್ಟಿತ್ತು. ನಾನು ಹಸಿಯಾಗಿಯೇ ಅಳೆದೆ, ರಂಧ್ರಗಳು ಕಟ್ಟಿಕೊಂಡಿದ್ದವು. ನೆಲದಾಳದಲ್ಲಿ ಓವನ್ ಎಲ್ಲಿದೆ ಸರ್? ನಮ್ಮ ವರದಿ ನಂಬಿ ಎಣ್ಣೆ ಮೇಲೆತ್ತಲು ಅನಿಲ ತುಂಬಿದರೆ ಬಾವಿಯೇ ಕಟ್ಟಿಕೊಳ್ಳುತ್ತದೆ.

ಕುಣಿಯುವಷ್ಟು ಖುಷಿಯಲ್ಲಿ ಅವಳ ಮೇಜಿಗೆ ಹೋದೆ. “ಓವನ್ನಿನಲ್ಲಿ ಇಡು ಎಂದವರು ಸರ್ರೇ, ಸುಮಾ ಅಕ್ಕಾ,” ಎಂದಳು. ಅವಳು ಅಳುತ್ತ ಮರಾಠಿಯಲ್ಲಿ ಮುಂದುವರಿಸಿದಳು: “ಸರ್ ನಿಮ್ಮ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ನನಗೆ ಚಹಾ ಕುಡಿಸಿ ಕಳಿಸುತ್ತಿದ್ದರು. ನನ್ನ ಒಂದು ಲೆಕ್ಕವನ್ನಾದರೂ ಅನುಮಾನಿಸಿದರೇ? ನಿಮ್ಮನ್ನು ಕಂಡರೆ ನನಗೆ ಎಷ್ಟು ಹೊಟ್ಟೆಕಿಚ್ಚು, ಗೊತ್ತೇ?”

ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ?

ಸೋಮವಾರ ಎಣ್ಣೆ ಕಂಪನಿಯವರು ಬರುತ್ತಾರೆ. ನಿಮ್ಮ ಕೊನೆಯ ಫಲಿತಾಂಶ ತಪ್ಪು ಎಂದು ಅವರೆದುರು ನಾನೇ ಹೇಳುತ್ತೇನೆ, ವೈಶಾಲಿ ಪಕ್ಕದಲ್ಲಿರುತ್ತಾಳೆ. ಮಾತು ಕೊಡುತ್ತೇನೆ, ಅಳುಕುವುದಿಲ್ಲ. ಎಲ್ಲರೂ ತಲೆಯಾಡಿಸಿ ಒಪ್ಪಿಬಿಡುತ್ತಾರೆ ಸರ್. ಎದ್ದುನಿಂತು ‘ಇಲ್ಲ, ಮತ್ತ ಅಳೀರಿ’ ಎನ್ನಲು ನೀವಿರುವುದಿಲ್ಲ.

ನಿಮ್ಮ
ಸುಮಾ