ದೋಟಿ ಹಿಡಿದ ಕೈಯಿಂದ

ಪ್ರೀತಿಯ ರಿಫಾ ಮಗಳೇ,

ಅಸ್ಸಲಾಮು ಅಲೈಕುಂ. ಸಣ್ಣವಳಿರುವಾಗ ಸೌದಿಯ ದಮ್ಮಾಮಿನಿಂದ ರಜೆಗೆ ಬಂದರೆ ನನ್ನ ಹೊಟ್ಟೆಯ ಮೇಲೆ ಕೂತು ಕತೆ ಕೇಳುತ್ತಿದ್ದೆ. ರಾಕ್ಷಸ ಬಂದ ಕೂಡಲೇ, "ಮಾಮ, ಅವನನ್ನು ಬೇಗ ಕೊಲ್ಲು, ನನಗೆ ನಿದ್ದೆ ಬರ್ತದೆ" ಅನ್ನುತ್ತಿದ್ದೆ. ಇದೊಂದನ್ನೂ ಕೇಳು. ಇದರಲ್ಲಿ ರಾಕ್ಷಸ ಯಾರೆಂದು ನಿನಗೆ ಗೊತ್ತುಂಟು.

ಪಿಯುಸಿಗೆಂದು ನಿನ್ನನ್ನು ನರಿಕೊಂಬಿನ ಈ ಮನೆಯಲ್ಲಿ ಅಜ್ಜಿಯ ಮತ್ತು ನನ್ನ ಜೊತೆ ಬಿಟ್ಟು ಹೋಗುವಾಗ ನಿನ್ನ ಉಪ್ಪ, ನನ್ನ ಭಾವ, ಚಾವಡಿಯ ಗೋಡೆಗೆ ಕ್ಯಾಮರಾ ಹಾಕಿಸಿದರು. ದಮ್ಮಾಮಿನಲ್ಲಿ ಕೂತು ನೋಡುವುದು, ಅದರೊಳಗಿಂದಲೇ ಮಾತಾಡುವುದು. ನೀನು ತಲೆಗೆ ಶಾಲು ಹಾಕದೆ ಅಂಗಳಕ್ಕೆ ಇಳಿದರೆ ಗೋಡೆ ಬೈಯುತ್ತಿತ್ತು. ನಾವು ನಗುತ್ತಿದ್ದೆವು. ನಗಬಾರದಿತ್ತು.

ಪಿಯುಸಿ ಮುಗಿದ ಮೇಲೆ ಆ ಶುಕ್ರವಾರ ನೀನು ಮೂಡುಬಿದಿರೆಯ ಡಿಗ್ರಿ ಕಾಲೇಜಿನ ಸೀಟಿನ ಕಾಗದ ಹಿಡಿದು ಕ್ಯಾಮರಾದ ಎದುರು ನಿಂತೆ.

"ಉಪ್ಪಾ, ಹಾಸ್ಟೆಲಿನಲ್ಲಿ ನಿಲ್ತೇನೆ."

"ಬಂಟ್ವಾಳದಲ್ಲಿ ಕಾಲೇಜಿಲ್ವಾ? ಮನೆಯಿಂದ ಹತ್ತು ನಿಮಿಷ!"

"ಆ ಹತ್ತು ನಿಮಿಷವೂ ನೀವು ನೋಡ್ತಾ ಇರ್ತೀರಿ."

ನೀನು ಹೋಗಿ ಪಪ್ಪಾಯಿ ಕೊಯ್ಯುವ ಉದ್ದ ಕೋಲು, ಆ ದೋಟಿ, ತಂದೆ. ಕೊಕ್ಕೆ ಸಿಕ್ಕಿಸಿ ಎಳೆದೆ. ಗಾರೆ ಸಮೇತ ಕ್ಯಾಮರಾ ಕಿತ್ತು ಬೀಳುವ ಮೊದಲು ಅದರೊಳಗಿಂದ ಕೇಳಿದ್ದು: "ಮಮ್ಮು, ನೋಡ್ತಾ ನಿಂತಿದ್ದೀಯಾ? ಎರಡು ಬಿಡು ಅವಳಿಗೆ!"

ನಾನು ಎರಡಕ್ಕೆ ನಿಲ್ಲಿಸಲಿಲ್ಲ. ದೋಟಿ ಕಸಿದು ಬೆನ್ನಿಗೆ ಬಾರಿಸಿದೆ, ತೊಡೆಗೆ ಬಾರಿಸಿದೆ. ಮುಖಕ್ಕೆ ಅಡ್ಡ ಹಿಡಿದ ಬಲಗೈಗೆ ಬಿದ್ದಾಗ ತೆಂಗಿನ ಒಣ ಮಡಲು ಮುರಿದಂಥ ಸದ್ದು. ಅದನ್ನು ಕೇಳಿಯೂ ಇನ್ನೊಮ್ಮೆ ಎತ್ತಿದೆ. ಆ ಪೆಟ್ಟು ನಿನ್ನ ಮೇಲೆ ಬಿದ್ದುಕೊಂಡ ಅಜ್ಜಿಯ ಹೆಗಲಿಗೆ ಬಿತ್ತು, ನನ್ನ ಉಮ್ಮನ ಹೆಗಲಿಗೆ. "ನನ್ನನ್ನು ಮೊದಲು ಕೊಲ್ಲು" ಎಂದರು. ಅಷ್ಟರಲ್ಲಿ ಮೊಬೈಲ್ ರಿಂಗಾಯಿತು. ನಿನ್ನ ಉಪ್ಪ ಅಳುತ್ತಿದ್ದರು. "ಏನೂ ಕಾಣುದಿಲ್ಲ ಮಾರಾಯ, ನಿಲ್ಲಿಸು, ನಿಲ್ಲಿಸು!" ನೀನು ಆಗಲೇ ಕೈಯನ್ನು ಶಾಲಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿದಿದ್ದೆ.

ಅಕ್ಕನ ಗಂಡನ ಮನೆಯಲ್ಲಿ ಉಂಡುಕೊಂಡಿರುವವನು, ಒಬ್ಬ ಹುಡುಗಿಯನ್ನು ಕಾಯಲಿಕ್ಕೂ ಆಗದವನು ಅಂತ ಅನ್ನಿಸಿಕೊಳ್ಳುವ ಹೆದರಿಕೆ ನನಗೆ. ಅಷ್ಟೇ ಕಾರಣ. ಕ್ಷಮೆ ಕೇಳುವ ಮುಖ ಇಲ್ಲ.

ನಿನ್ನೆ ನಾರಾವಿಯಿಂದ ನಿನ್ನ ಗೆಳತಿ ಸಾತ್ವಿಕಾಳ ತಂದೆ ಸುಧಾಕರ ಬಂದರು. ನೀನು ಅವರಲ್ಲಿರುವುದು, ಕೈಗೆ ಪ್ಲಾಸ್ಟರ್ ಹಾಕಿಸಿದ್ದು ಆಗ ಗೊತ್ತಾಯಿತು. ನನ್ನ ಕಾಲರ್ ಹಿಡಿದು ಗೋಡೆಗೆ ಗುದ್ದಿದರು. ಮತ್ತೆ ಹಾಸ್ಟೆಲಿನ ಫಾರ್ಮು ಮೇಜಿನ ಮೇಲಿಟ್ಟರು. "ಸೋಮವಾರ ಕಡೇ ದಿನ. ಇಲ್ಲಿಯ ಪೋಷಕರ ಸಹಿ ಬೇಕು." ನಿನ್ನ ಉಪ್ಪನಿಗೆ ಫೋನು ಮಾಡಿದೆ. "ಸಹಿ ಹಾಕಿದರೆ ನನ್ನ ಮನೆಯಿಂದ ಹೊರಗೆ ನಡೆ" ಎಂದರು.

ಸಹಿ ಹಾಕಿದ್ದೇನೆ, ಫಾರ್ಮು ಈ ಕಾಗದದ ಜೊತೆಗುಂಟು. ಬಿ.ಸಿ. ರೋಡಿನಲ್ಲಿ ಒಂದು ಕೋಣೆ ನೋಡಿದ್ದೇನೆ. ಉಮ್ಮನನ್ನು ಕರೆದೆ, ಬರುವುದಿಲ್ಲ ಅಂದರು. ಅವರಿಗೆ ಇನ್ನೂ ತೋಳು ಎತ್ತಲಿಕ್ಕೆ ಆಗುವುದಿಲ್ಲ.

ಫಾರ್ಮಿನಲ್ಲಿ ಇನ್ನೊಂದು ಗೆರೆ ಉಂಟು, ನಿನ್ನನ್ನು ನೋಡಲು ಯಾರು ಬರಬಹುದು ಎಂದು. ಅದನ್ನು ಖಾಲಿ ಬಿಟ್ಟಿದ್ದೇನೆ. ಎಡಗೈಯಲ್ಲಾದರೂ ನೀನೇ ಬರೆ. ನನ್ನ ಹೆಸರು ಬರೆಯದಿದ್ದರೆ ಆ ಗೇಟಿನ ಹತ್ತಿರವೂ ನಾನು ಸುಳಿಯುವುದಿಲ್ಲ.

ಅಲ್ಲಾಹು ನಿನ್ನ ಮೂಳೆ ಬೇಗ ಕೂಡಿಸಲಿ. ಚೆನ್ನಾಗಿ ಓದು, ಮಗಳೇ.

ನಿನ್ನ ಕೈ ಮುರಿದ
ಮಮ್ಮು ಮಾಮ