ಸತ್ತ ಸಿಪಾಯಿಗೆ ನೀವು ಕೊಟ್ಟ ಬಡ್ತಿ

ರಾಜ್ಯದ ಸ್ಥಳನಾಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೂರರವತ್ತು ವರ್ಷಗಳ ಹಿಂದೆ ದಂಡಿನ ಡೇರೆಯಲ್ಲಿ ಭೇದಿಯಾಗಿ ಸತ್ತ ಹತ್ತೊಂಬತ್ತರ ಹುಡುಗನನ್ನು ನೀವು ಈ ವಸಂತದಲ್ಲಿ ಜನರಲ್ ಮಾಡಿದಿರಿ. ಅಭಿನಂದನೆಗಳು! ಬದುಕಿದ್ದಾಗ ಅವನಿಗೆ ಸರಿಯಾದ ಬೂಟೂ ಸಿಕ್ಕಿರಲಿಲ್ಲ.

ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ನಮ್ಮ ಕ್ಯಾನ್ಸಸ್‌ನ ಹಿರಿಯರು ಜಿಲ್ಲೆಗಳಿಗೆ ಹೆಸರಿಡುವಾಗ ಸತ್ತ ಬಡ ಸಿಪಾಯಿಗಳನ್ನೂ ನೆನೆದರು. ಹಾಗೆ ಏಮಸ್ ಟ್ರಸ್ಲರ್ ಎಂಬ ಸಿಪಾಯಿಯಿಂದ ನಮ್ಮದು ಟ್ರಸ್ಲರ್ ಕೌಂಟಿಯಾಯಿತು. ನಮಗಿದ್ದ ಹೆಮ್ಮೆ ಅದೊಂದೇ. ನಿಮ್ಮ ಹೊಸ ಪುಸ್ತಕದಲ್ಲೂ ಹೆದ್ದಾರಿಯ ಫಲಕದಲ್ಲೂ ಈಗ 'ವೀರ ಜನರಲ್ ಟ್ರಸ್ಲರ್' ಎಂದಿದೆ. ಯಾವ ದಾಖಲೆ ನೋಡಿ ಬರೆದಿರಿ? ಫೋನು ಮಾಡಿದರೆ ನಿಮ್ಮ ಕಚೇರಿಯವರು ನಕ್ಕರು. "ಮೇಡಂ, ಭೇದಿಯಾಗಿ ಸತ್ತೋನ ಹೆಸರು ಕೇಳಿ ಯಾವ ಪ್ರವಾಸಿ ಕಾರು ನಿಲ್ಲಿಸ್ತಾನೆ ಹೇಳಿ?" ಎಂದರು.

ಸ್ವಾಮೀ, ಪ್ರತಿ ಮೇ ತಿಂಗಳ ಸ್ಮರಣೆಯ ದಿನ ನಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಯುದ್ಧದಲ್ಲಿ ಮಡಿದವರ ಹಾಜರಿ ಕರೆಯುತ್ತಾರೆ. ಒಂದೊಂದು ಹೆಸರಿಗೂ ಆ ಮನೆಯವರೊಬ್ಬರು ಓಗೊಡಬೇಕು. ಏಮಸ್‌ನ ತಮ್ಮನ ಮೊಮ್ಮಗನಾದ ನನ್ನಪ್ಪ ಆರ್ವಿಲ್ ತನ್ನ ಒಂಬತ್ತನೇ ವಯಸ್ಸಿನಿಂದ, ಎಂಬತ್ತೆರಡು ವರ್ಷ, ಒಮ್ಮೆಯೂ ತಪ್ಪಿಸಿದವನಲ್ಲ. ಈ ಸಲ ನೀವು ಅಚ್ಚು ಹಾಕಿಸಿ ಕಳಿಸಿದ ಪಟ್ಟಿ ಹಿಡಿದು "ಜನರಲ್ ಏಮಸ್ ಟ್ರಸ್ಲರ್!" ಎಂದು ಕರೆದರು. ಅಪ್ಪ ಊರುಗೋಲು ಹಿಡಿದು ಸುಮ್ಮನೆ ನಿಂತ.

"'ಓ' ಅನ್ನು ಅಪ್ಪಾ, ಎಲ್ರೂ ನೋಡ್ತಿದಾರೆ," ಎಂದೆ.

"ನೋಡ್ಲಿ ಬಿಡು. ನಮ್ಮನೇಲಿ ಜನರಲ್ ಯಾರೂ ಸತ್ತಿಲ್ಲ. ನಾನ್ಯಾಕೆ ಸುಳ್ಳಿಗೆ ಓಗೊಡ್ಲಿ?"

ಆಮೇಲೆ ಚರ್ಚಿನ ಊಟಕ್ಕೂ ಬರಲಿಲ್ಲ. ಅವನಿಗೆಂದೇ ಮಾಡಿದ್ದ ಚೆರ್ರಿ ಪೈ ಹಾಗೇ ಉಳಿಯಿತು. ಅಕ್ಟೋಬರಿನಲ್ಲಿ ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು, "ಡಾರ್ಲೀನ್, ಪಾಪ ಆ ಹುಡುಗ. ಈ ವರ್ಷ ಅವನಿಗೆ ಯಾರೂ ಓ ಅನ್ಲಿಲ್ಲ ಅಲ್ವೇನೇ?" ಎಂದ. ಮೂರನೇ ದಿನ ತೀರಿಕೊಂಡ. ಎಂಬತ್ತೆರಡು ವರ್ಷದ ವ್ರತ ಮುರಿಸಿ ಅವನನ್ನು ಕಳಿಸಿದಿರಲ್ಲ, ನಿಮಗೆ ನಿದ್ದೆ ಬರುತ್ತದೆಯೇ?

ಇಲ್ಲದ ಪದವಿ ಕೊಟ್ಟವರಿಗೆ ಅದನ್ನು ಕಿತ್ತುಕೊಳ್ಳುವುದು ಕಷ್ಟವಾಗಬಾರದು. ಫಲಕ ಇಳಿಸಿ, ಪುಸ್ತಕ ತಿದ್ದಿ. ಬರುವ ಮೇ ತಿಂಗಳಲ್ಲಿ ನೀವೇ ಬಂದು ನಮ್ಮ ಮೆಟ್ಟಿಲ ಮೇಲೆ ನಿಂತು 'ಸಿಪಾಯಿ ಏಮಸ್ ಟ್ರಸ್ಲರ್' ಎಂದು ಕರೆಯಿರಿ. ಓಗೊಡಲು ನಾನಿರುತ್ತೇನೆ. ಒಮ್ಮೆ ಅವನಿಗಾಗಿ, ಇನ್ನೊಮ್ಮೆ ಅಪ್ಪನಿಗಾಗಿ.

ಇಂತಿ,
ಜನರಲ್‌ಗಳಿಲ್ಲದ ಮನೆಯ ಮಗಳು,
ಡಾರ್ಲೀನ್ ಟ್ರಸ್ಲರ್
ನಿವೃತ್ತ ಶಾಲಾ ಬಸ್ ಚಾಲಕಿ, ಟ್ರಸ್ಲರ್ ಕೌಂಟಿ